ದೊಡ್ಡ ಮೀನು ಆಳದಲ್ಲೇ ಇರುತ್ತಾ? ಗಾಳ ಎಷ್ಟು ಆಳಕ್ಕೆ ಬಿಡಬೇಕು?

ಸುತ್ತಲೂ ಬಿಳಿ ಹಿಮದ ಬಯಲು. ದಪ್ಪ ಕೋಟು ತೊಟ್ಟ ಒಬ್ಬಾತ ಮಂಜುಗಡ್ಡೆಯಲ್ಲಿ ತೂತು ಕೊರೆದು, ಒಳಗೆ ದಾರ ಇಳಿಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಬಾಯಿ ತುಂಬಾ ಚೂಪು ಹಲ್ಲಿರುವ ಉದ್ದನೆಯ ಮೀನು ಆ ತೂತಿನಿಂದ ಹೊರಬರುತ್ತದೆ. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ನೋಡಿದವರಿಗೆ ಅನ್ನಿಸುವುದು ಒಂದೇ: ದಾರ ಆಳಕ್ಕೆ ಹೋದಷ್ಟೂ ದೊಡ್ಡ ಮೀನು ಸಿಗುತ್ತದೆ.

ಈ ಮಾತು ನಮ್ಮ ಕೆರೆ ಏರಿಗಳ ಮೇಲೂ ಇದೆ. ಕುಣಿಗಲ್ ದೊಡ್ಡಕೆರೆಯಾಗಲಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯಾಗಲಿ, ದಡದಲ್ಲಿ ಗಾಳ ಹಾಕಿ ಕೂತ ಹುಡುಗರು 'ಇಲ್ಲಿ ಬರೀ ಚಿಕ್ಕ ಮೀನು, ದೊಡ್ಡದು ಬೇಕಂದ್ರೆ ಒಳಗೆ ಇಳೀಬೇಕು' ಅನ್ನುವುದುಂಟು. ಈ ಮಾತು ನಂಬಿ ಮೀನು ಸಿಗದಿದ್ದರೆ ಪರವಾಗಿಲ್ಲ. ಇದನ್ನೇ ನಂಬಿ ಈಜು ಬಾರದ ಹುಡುಗ ಸೊಂಟದ ಮಟ್ಟದ ನೀರಿಗೆ ಇಳಿದರೆ ಜೀವಕ್ಕೇ ಅಪಾಯ. ಹಾಗಾಗಿ ಇದು ಎಷ್ಟು ನಿಜ ಅಂತ ನೋಡೋಣ.

ವಿಡಿಯೊದಲ್ಲಿರುವ ಮೀನು ಯಾವುದು?

ಇಂಥ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಹಲ್ಲಿನ ಮೀನಿನ ಹೆಸರು ಪೈಕ್. ಕೆನಡಾ, ಅಮೆರಿಕದ ಉತ್ತರ ಭಾಗ, ಫಿನ್ಲೆಂಡ್, ಸ್ವೀಡನ್, ರಷ್ಯಾದಂಥ ತಣ್ಣನೆಯ ದೇಶಗಳ ಸಿಹಿನೀರಿನಲ್ಲಿ ಬದುಕುವ ಬೇಟೆಗಾರ ಮೀನು ಇದು. ನಮ್ಮ ಕೆರೆಗಳಲ್ಲಿ ಇಲ್ಲ.

ಪೈಕ್ ಬೇಟೆಯನ್ನು ಅಟ್ಟಿಸಿಕೊಂಡು ಊರೆಲ್ಲ ಸುತ್ತುವ ಮೀನಲ್ಲ. ಜೊಂಡು, ಪಾಚಿಗಿಡಗಳ ಮರೆಯಲ್ಲಿ ಅಲುಗಾಡದೆ ನಿಂತು, ಚಿಕ್ಕ ಮೀನು ಹತ್ತಿರ ಬಂದಾಗ ಬಾಣದಂತೆ ನುಗ್ಗುತ್ತದೆ. ಗಿಡ ಬೆಳೆಯಬೇಕಾದರೆ ತಳದವರೆಗೂ ಬಿಸಿಲು ತಲುಪಬೇಕು. ಅಂದರೆ ನೀರು ತೀರಾ ಆಳ ಇರಬಾರದು. ಹಾಗಾಗಿ ಮಂಜುಗಡ್ಡೆಯ ಮೇಲೆ ಪೈಕ್ ಹಿಡಿಯುವವರು ಸರೋವರದ ನಟ್ಟನಡುವೆ ಹೋಗುವುದಕ್ಕಿಂತ, ಹತ್ತು ಅಡಿ ಆಸುಪಾಸು ನೀರಿರುವ ಜೊಂಡಿನ ಅಂಚಿನಲ್ಲಿ ತೂತು ಕೊರೆಯುವುದೇ ಹೆಚ್ಚು.

ಇನ್ನೊಂದು ಗುಟ್ಟು ಅದರ ಕಣ್ಣಿನಲ್ಲಿದೆ. ಪೈಕ್‌ನ ಕಣ್ಣುಗಳು ತಲೆಯ ಮೇಲ್ಭಾಗದಲ್ಲಿರುತ್ತವೆ. ತನ್ನ ಮುಂದೆ ಮತ್ತು ಮೇಲೆ ಇರುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆ, ಕೆಳಗಿರುವುದು ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಅನುಭವಿಗಳು ಗಾಳದ ಎರೆಯನ್ನು ತಳಕ್ಕೆ ಮುಟ್ಟಿಸುವುದಿಲ್ಲ. ಜೊಂಡಿನ ತುದಿಗಿಂತ ಮೇಲೆ, ಕೆಲವೊಮ್ಮೆ ಮಂಜುಗಡ್ಡೆಯಿಂದ ಕೆಲವೇ ಅಡಿ ಕೆಳಗೆ ತೂಗಿಬಿಡುತ್ತಾರೆ.

ಮಂಜುಗಡ್ಡೆಯ ಕೆಳಗೆ ಮೀನು ಬದುಕುವುದು ಹೇಗೆ?

ನೀರಿಗೆ ಒಂದು ವಿಚಿತ್ರ ಗುಣ ಇದೆ. ಅದು ಅತಿ ಹೆಚ್ಚು ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗುತ್ತದೆ. ಹಾಗಾಗಿ 0 ಡಿಗ್ರಿಯ ನೀರು ಮೇಲೇ ಉಳಿದು ಹೆಪ್ಪುಗಟ್ಟುತ್ತದೆ, ಸುಮಾರು 4 ಡಿಗ್ರಿಯ ನೀರು ತಳದಲ್ಲಿರುತ್ತದೆ. ಮೇಲಿನ ಮಂಜುಗಡ್ಡೆ ಕಂಬಳಿಯಂತೆ ಕೆಳಗಿನ ನೀರನ್ನು ಕಾಯುತ್ತದೆ.

ಹಾಗಾದರೆ ಮೀನೆಲ್ಲ ಬೆಚ್ಚಗಿನ ತಳದಲ್ಲೇ ಇರಬೇಕಲ್ಲ? ಚಳಿಗಾಲದ ಶುರುವಿನಲ್ಲಿ ತಳದಲ್ಲೂ ಇರಬಹುದು. ಆದರೆ ತಳದಲ್ಲಿ ಸತ್ತ ಗಿಡ, ಎಲೆ ಕೊಳೆಯುತ್ತಿರುತ್ತವೆ. ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಮೇಲೆ ಮಂಜುಗಡ್ಡೆ ಮುಚ್ಚಿರುವುದರಿಂದ ಗಾಳಿಯಿಂದ ಹೊಸ ಆಮ್ಲಜನಕ ಬೆರೆಯುವುದಿಲ್ಲ. ಚಳಿಗಾಲದ ಕೊನೆಗೆ ತಳದ ನೀರಿನಲ್ಲಿ ಉಸಿರಾಡುವುದೇ ಕಷ್ಟವಾಗಿ ಮೀನುಗಳು ಮೇಲಕ್ಕೆ ಬರುತ್ತವೆ. ಆಗ ತಳಕ್ಕೆ ದಾರ ಬಿಟ್ಟು ಕೂತವನ ಕೈ ಖಾಲಿ.

ಒಟ್ಟಿನಲ್ಲಿ ಮೀನು ಎಷ್ಟು ಆಳದಲ್ಲಿದೆ ಅನ್ನುವುದನ್ನು ಅದರ ಗಾತ್ರ ಒಂದೇ ನಿರ್ಧರಿಸುವುದಿಲ್ಲ. ಊಟ ಎಲ್ಲಿದೆ, ಉಸಿರಾಡಲು ಆಮ್ಲಜನಕ ಎಲ್ಲಿದೆ, ಒಗ್ಗುವ ತಾಪಮಾನ ಎಲ್ಲಿದೆ ಎಂಬ ಮೂರೂ ಸೇರಿ ನಿರ್ಧರಿಸುತ್ತವೆ.

ನಮ್ಮ ಕೆರೆಯಲ್ಲಿ ಲೆಕ್ಕ ಹೇಗೆ?

ತುಮಕೂರು ಜಿಲ್ಲೆಯ ಬಹುಪಾಲು ಕೆರೆಗಳು ಕಟ್ಟೆ ಕಟ್ಟಿ ಹರಡಿದ ಕೆರೆಗಳು. ವಿಸ್ತಾರ ಹೆಚ್ಚು, ಆಳ ಕಡಿಮೆ. ಏರಿಯ ಕಡೆ ಆಳ, ಎದುರು ದಿಕ್ಕಿನ ಅಂಗಳದ ಕಡೆ ತೆಳು ನೀರು. ಮಳೆ ಬಂದಾಗ, ಹೇಮಾವತಿ ನಾಲೆಯ ನೀರು ಬಿಟ್ಟಾಗ ಮಟ್ಟ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಹೋದ ತಿಂಗಳು ಮೊಣಕಾಲುದ್ದ ಇದ್ದ ಜಾಗ ಈ ತಿಂಗಳು ಎದೆಮಟ್ಟ ಇರಬಹುದು.

ನಮ್ಮ ದೊಡ್ಡ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿತ್ತನೆ ಮಾಡುತ್ತಾರೆ. ಈ ಮೂರನ್ನು ಒಟ್ಟಿಗೆ ಬಿಡುವುದಕ್ಕೂ ಆಳಕ್ಕೂ ನೇರ ಸಂಬಂಧ ಇದೆ. ಮೂರೂ ಬೇರೆ ಬೇರೆ ಮಟ್ಟದಲ್ಲಿ ಮೇಯುತ್ತವೆ, ಒಂದರ ಊಟಕ್ಕೆ ಇನ್ನೊಂದು ಹೆಚ್ಚು ಅಡ್ಡ ಬರುವುದಿಲ್ಲ. ಮುಂದಿನ ಸಲ ಮೀನಿನ ಅಂಗಡಿಗೆ ಹೋದಾಗ ಬಾಯಿ ನೋಡಿ, ನಿಮಗೇ ಗೊತ್ತಾಗುತ್ತದೆ.

• ಕಾಟ್ಲಾ: ದೊಡ್ಡ ತಲೆ, ಬಾಯಿ ಮೇಲ್ಮುಖ. ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ.
• ರೋಹು: ಅಂಚಿನಲ್ಲಿ ಜಾಲರಿಯಂಥ ತುಟಿ. ಹೆಚ್ಚಾಗಿ ನಡುಮಟ್ಟದಲ್ಲಿ ಮೇಯುತ್ತದೆ.
• ಮೃಗಾಲ್: ಬಾಯಿ ಕೆಳಮುಖ. ತಳದ ಕೊಳೆತ ಎಲೆ, ಕೆಸರಿನಲ್ಲಿ ಊಟ ಹುಡುಕುತ್ತದೆ. ಸಾಮಾನ್ಯ ಗೆಂಡೆಯೂ ತಳ ಕೆದಕುವ ಮೀನೇ.

ಈ ಮೂರರಲ್ಲಿ ವೇಗವಾಗಿ ಬೆಳೆದು ದೊಡ್ಡದಾಗುವುದು ಕಾಟ್ಲಾ. ಅಂದರೆ ದೊಡ್ಡ ಮೀನು ಮೇಯುವುದು ಮೇಲಿನ ಪದರದಲ್ಲಿ! 'ಆಳದಲ್ಲೇ ದೊಡ್ಡದು' ಎಂಬ ಮಾತು ಇಲ್ಲೇ ಬಿದ್ದುಹೋಯಿತು.

ನಮ್ಮಲ್ಲಿ ಪೈಕ್‌ನ ಜಾಗದಲ್ಲಿರುವ ಬೇಟೆಗಾರ ಅಂದರೆ ಕೊರಮೀನು. ಹಾವಿನ ತಲೆಯನ್ನು ಹೋಲುವ ತಲೆ ಇರುವುದರಿಂದ ಇಂಗ್ಲಿಷಿನಲ್ಲಿ ಸ್ನೇಕ್‌ಹೆಡ್ ಅನ್ನುತ್ತಾರೆ. ಇದೂ ಪೈಕ್‌ನಂತೆ ಜೊಂಡಿನ ಮರೆಯಲ್ಲಿ ಹೊಂಚು ಹಾಕುತ್ತದೆ. ಜತೆಗೆ ಇದು ಆಗಾಗ ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುವ ಮೀನು. ಹಾಗಾಗಿ ದಡದ ಹತ್ತಿರದ ತೆಳು ನೀರು ಇದಕ್ಕೆ ಇಷ್ಟದ ಜಾಗ. ಮಳೆಗಾಲದಲ್ಲಿ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಹಿಂಡು ನೀರಿನ ಮೇಲೆ ಕಂಡರೆ, ಕೆಳಗೆ ಅಪ್ಪ-ಅಮ್ಮ ಕಾವಲಿದೆ ಅಂತ ತಿಳಿಯಿರಿ. ಆಗ ದೊಡ್ಡದನ್ನು ಹಿಡಿದರೆ ಮರಿಗಳನ್ನು ಬೇರೆ ಮೀನು ತಿಂದುಹಾಕುತ್ತವೆ. ಬಿಟ್ಟುಬಿಡುವುದು ಒಳ್ಳೆಯದು.

ಬೆಳಗಿನ ಜಾವ ಮೀನು ಬಾಯಿ ಬಿಡುವುದೇಕೆ?

0 ಡಿಗ್ರಿಯ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಅಷ್ಟೇ. ಅಂದರೆ ನಮ್ಮ ಬೇಸಿಗೆಯ ಕೆರೆಗೆ ಮಂಜಿನ ಸರೋವರದ ಅರ್ಧದಷ್ಟು ಮಾತ್ರ ಹಿಡಿಯುವ ಶಕ್ತಿ. ಹಗಲು ಪಾಚಿ, ಗಿಡಗಳು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಉಸಿರಾಡಿ ಅದನ್ನೇ ಬಳಸುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ಅತಿ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಡಿಯುವುದು ಹಸಿವಿಗಲ್ಲ, ಉಸಿರಿಗೆ. ಆ ಹೊತ್ತಿನಲ್ಲಿ ಅದು ಎರೆಯ ಕಡೆ ತಿರುಗಿಯೂ ನೋಡದಿರಬಹುದು.

ಕೊಳಚೆ ಸೇರಿ ಪಾಚಿ ಹೆಚ್ಚಾದ ಕೆರೆಯಲ್ಲಿ, ಎರಡು ಮೂರು ದಿನ ಮೋಡ ಕವಿದರೆ ಮೀನುಗಳು ರಾಶಿ ರಾಶಿ ಸಾಯಬಹುದು. ಆಗ 'ಯಾರೋ ಕೆರೆಗೆ ವಿಷ ಹಾಕಿದ್ದಾರೆ' ಎಂಬ ಮೆಸೇಜ್ ಹರಿದಾಡುತ್ತದೆ. ವಿಷವೂ ಕಾರಣ ಇರಬಹುದು, ಆದರೆ ನೀರು ಪರೀಕ್ಷೆ ಮಾಡದೆ ಹೇಳಲಾಗದು. ಯಾರ ಮೇಲೂ ಬೊಟ್ಟು ಮಾಡುವ ಮೆಸೇಜ್ ಹಂಚಬೇಡಿ. ಕಾರಣ ಏನೇ ಇರಲಿ, ಸತ್ತು ತೇಲಿದ ಮೀನು ತಿನ್ನಬೇಡಿ.

ಹಾಗಾದರೆ ಗಾಳ ಎಷ್ಟು ಆಳಕ್ಕೆ?

ಮಂಜಿನ ದೇಶದವರೂ ನಮ್ಮವರೂ ಮಾಡಬಹುದಾದ ಉಪಾಯ ಒಂದೇ. ಮೊದಲು ಗಾಳಕ್ಕೆ ಸೀಸದ ಗುಂಡು ಸಿಕ್ಕಿಸಿ ತಳ ಮುಟ್ಟುವವರೆಗೆ ಬಿಡಿ. ಬೆಂಡು ನೀರಿನ ಮೇಲೆ ನೆಟ್ಟಗೆ ನಿಲ್ಲುವಂತೆ ದಾರದ ಮೇಲೆ ಸರಿಸಿ. ಬೆಂಡಿನಿಂದ ಗಾಳದವರೆಗಿನ ಅಳತೆಯೇ ಅಲ್ಲಿನ ಆಳ. ದಡದಿಂದಲೇ ಇದು ಗೊತ್ತಾಗುತ್ತದೆ, ನೀರಿಗೆ ಇಳಿಯಬೇಕಿಲ್ಲ.

ಮೃಗಾಲ್, ಗೆಂಡೆಗೆ ಎರೆ ತಳ ಮುಟ್ಟಿರಲಿ. ರೋಹುಗೆ ನಡುಮಟ್ಟ. ಕಾಟ್ಲಾಗೆ ಮೇಲಿನಿಂದ ಒಂದೆರಡು ಅಡಿ. ಕೊರಮೀನಿಗೆ ಜೊಂಡಿನ ಅಂಚು, ಮೇಲ್ಪದರ. ಯಾವ ಮೀನಿದೆ ಗೊತ್ತಿಲ್ಲದಿದ್ದರೆ ತಳದಿಂದ ಶುರು ಮಾಡಿ, ಹದಿನೈದು ನಿಮಿಷಕ್ಕೊಮ್ಮೆ ಬೆಂಡನ್ನು ಅರ್ಧ ಅಡಿ ಸರಿಸುತ್ತಾ ಎರೆಯನ್ನು ಮೇಲಕ್ಕೆ ತನ್ನಿ. ಮೀನು ಕಚ್ಚಿದ ಮಟ್ಟ ನೆನಪಿಟ್ಟುಕೊಳ್ಳಿ.

ಒಂದು ವಿಷಯ: ಹಲವು ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯ್ತಿಯಿಂದ ಗುತ್ತಿಗೆಗೆ ಹೋಗಿರುತ್ತದೆ. ಗಾಳ ಹಾಕುವ ಮುಂಚೆ ಕೇಳಿ.

ನಂಬಿಕೆಯಲ್ಲಿ ಸ್ವಲ್ಪವೂ ನಿಜ ಇಲ್ವಾ?

ಸ್ವಲ್ಪ ಇದೆ. ಬೇಸಿಗೆಯಲ್ಲಿ ದೊಡ್ಡ ಪೈಕ್‌ಗಳು ತಂಪು ಹುಡುಕಿ ಆಳಕ್ಕೆ ಹೋಗುತ್ತವೆ. ನಮ್ಮಲ್ಲೂ ಮಧ್ಯಾಹ್ನದ ಸುಡುಬಿಸಿಲಿಗೆ ಮೀನು ಮೇಲಿನ ಬಿಸಿನೀರು ಬಿಟ್ಟು ಸ್ವಲ್ಪ ಕೆಳಗಿಳಿಯಬಹುದು. ಆದರೆ ಸಂಜೆ ತಂಪಾದಾಗ ದಡದ ಕಡೆ ಮೇಯಲು ಬರುತ್ತವೆ. ಕಾದರೆ ಮೀನೇ ನಿಮ್ಮ ಹತ್ತಿರ ಬರುತ್ತದೆ.

ನೀರಿಗೆ ಇಳಿಯುವುದು ಯಾಕೆ ಬೇಡ?

ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಆಳೆತ್ತರ. ಕೆಸರು ಕಾಲು ಹಿಡಿಯುತ್ತದೆ, ಜೊಂಡು ಸುತ್ತಿಕೊಳ್ಳುತ್ತದೆ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಈಜು ಬಲ್ಲವರಿಗೂ ಹತ್ತಿಬರಲಾಗದಷ್ಟು ಜಾರಿಕೆ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಗಾಬರಿಯಲ್ಲಿ ಅವರು ನಿಮ್ಮನ್ನೂ ಎಳೆದುಕೊಳ್ಳುತ್ತಾರೆ. ದಡದಲ್ಲಿ ಮಲಗಿಕೊಂಡು ಕೋಲು, ಹಗ್ಗ, ಸೀರೆ, ಪಂಚೆ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಮೇಲೆತ್ತಿದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು, ಅಮೂಲ್ಯ ನಿಮಿಷಗಳು ಹೋಗುತ್ತವೆ. ಉಸಿರಾಟ ಇಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತುವ ಸಿಪಿಆರ್ ಶುರು ಮಾಡಬೇಕು.

ಒಟ್ಟಾರೆ

'ಆಳಕ್ಕೆ ಹೋದಷ್ಟೂ ದೊಡ್ಡ ಮೀನು' ಎಂಬ ಮಾತು ತಪ್ಪು. ಮಂಜಿನ ಪೈಕ್ ಆಗಲಿ, ನಮ್ಮ ಕಾಟ್ಲಾ, ಕೊರಮೀನು ಆಗಲಿ, ಊಟ ಮತ್ತು ಉಸಿರು ಸಿಗುವ ಮಟ್ಟದಲ್ಲಿರುತ್ತವೆ. ಸರಿಸಬೇಕಾದದ್ದು ಬೆಂಡನ್ನು, ಕಾಲನ್ನಲ್ಲ. ಮಂಜುಗಡ್ಡೆಯ ವಿಡಿಯೊ ಮತ್ತೆ ಬಂದರೆ ನೋಡಿ ಖುಷಿಪಡಿ. ಫಾರ್ವರ್ಡ್ ಮಾಡುವಾಗ, ಶಾಲೆಗೆ ರಜೆ ಬಂದರೆ ಕೆರೆ ಕಡೆ ಓಡುವ ಮಕ್ಕಳಿರುವ ಮನೆಯ ಗ್ರೂಪಿಗೆ ಈ ಮಾತನ್ನೂ ಸೇರಿಸಿ ಕಳಿಸಿ.