ಹಿಮಕ್ಕೆ ಹೊಸಬರು, ಬೀಡು ಇನ್ಸ್‌ಬ್ರುಕ್‌ನಲ್ಲಿ

ಆಸ್ಟ್ರಿಯಾದ ಇನ್ಸ್‌ಬ್ರುಕ್ ಪೇಟೆಯ ನಡುಬೀದಿಯಲ್ಲಿ ನಿಂತು ತಲೆಯೆತ್ತಿದರೆ ಮನೆಗಳ ಮಾಡಿನ ಮೇಲೆಯೇ ನಾರ್ಡ್‌ಕೆಟೆ ಪರ್ವತಸಾಲು ಕಾಣುತ್ತದೆ. ಊರು ಇರುವುದು ಸಮುದ್ರಮಟ್ಟದಿಂದ 574 ಮೀಟರ್ ಎತ್ತರದಲ್ಲಿ. ಪೇಟೆಯ ಮಗ್ಗುಲಲ್ಲೇ ಬೆಟ್ಟದ ರೈಲು ಹತ್ತಿ, ಮುಂದೆ ಎರಡು ಕೇಬಲ್ ಕಾರು ಬದಲಿಸಿದರೆ ಸುಮಾರು ಅರ್ಧ ಗಂಟೆಯಲ್ಲಿ 2,256 ಮೀಟರ್ ಎತ್ತರದ ಹಾಫೆಲೆಕಾರ್ ನಿಲ್ದಾಣ. ಮೊದಲ ಬಾರಿ ಸ್ಕೀಯಿಂಗ್ ಕಲಿಯಲು ಬಂದವರ ಮನಸ್ಸು ಅಲ್ಲಿಗೇ ಓಡುತ್ತದೆ. ಆದರೆ ಹೊಸಬರು ಸ್ಕೀ ಕಟ್ಟಿಕೊಂಡು ಹೋಗಲೇಬಾರದ ಬೆಟ್ಟ ಅದೇ. ಹಾಫೆಲೆಕಾರ್‌ನಿಂದ ಕೆಳಗಿಳಿಯುವ ಹಾದಿಯ ಇಳಿಜಾರು ಶೇ 70ರವರೆಗೆ ಇದೆ. ಕಲಿಯುವವರಿಗೆಂದು ನೀಲಿ ಬಣ್ಣದಲ್ಲಿ ಗುರುತಿಸುವ ಹಾದಿಗಳ ಇಳಿಜಾರು ಸಾಮಾನ್ಯವಾಗಿ ಶೇ 25 ಮೀರುವುದಿಲ್ಲ.

ಬೆಟ್ಟವನ್ನು ಸರಿಯಾಗಿ ಆರಿಸಿಕೊಂಡರೆ ಪ್ರವಾಸದ ಅರ್ಧ ಚಿಂತೆ ಕಳೆದಂತೆ. ಇನ್ಸ್‌ಬ್ರುಕ್‌ನ ಅನುಕೂಲವೇ ಆಯ್ಕೆಗೆ ಸುತ್ತಲೂ ಹಲವು ಬೆಟ್ಟಗಳಿರುವುದು. ಮೊದಲ ದಿನಗಳಿಗೆ ಹೇಳಿಮಾಡಿಸಿದ್ದು ಮುಟರೆರಾಲ್ಮ್. ಊರಿನಿಂದ ಸ್ಟುಬೈ ಕಣಿವೆಯ ಟ್ರಾಮ್ ಹತ್ತಿ ಮುಟರ್ಸ್ ಹಳ್ಳಿಯ ಬಳಿ ಇಳಿದರೆ ಗೊಂಡೊಲಾ ನಿಲ್ದಾಣ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳೇ ಇಲ್ಲಿ ಹೆಚ್ಚು. ವೇಗವಾಗಿ ಇಳಿಯುವವರ ಭಯ ಕಡಿಮೆ. ಎತ್ತರ ಸಾಧಾರಣವಾದ್ದರಿಂದ ಬೆಚ್ಚನೆಯ ಚಳಿಗಾಲದಲ್ಲಿ ಹಿಮ ತೆಳುವಾಗಬಹುದು. ಆಗ ಪಶ್ಚಿಮಕ್ಕಿರುವ ಕ್ಯೂಟೈಗೆ ಹೋಗಬೇಕು. ಆ ಹಳ್ಳಿಯೇ 2,020 ಮೀಟರ್ ಎತ್ತರದಲ್ಲಿದೆ. ಇನ್ನೂ ಮೇಲೆ, 3,000 ಮೀಟರ್ ದಾಟುವ ಸ್ಟುಬೈ ಹಿಮನದಿಯಲ್ಲಿ ಶರತ್ಕಾಲದಲ್ಲೇ ಸ್ಕೀಯಿಂಗ್ ಶುರುವಾಗುತ್ತದೆ. ಆದರೆ ಬಸ್ಸಿನಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ, ತೆಳುಗಾಳಿ, ಕೊರೆಯುವ ಚಳಿ. ಸ್ಕೀ ಮೇಲೆ ನಿಲ್ಲುವುದು ಕೊಂಚ ಒಗ್ಗಿದ ಮೇಲೆ ಅಲ್ಲಿಗೆ ಹೋಗುವುದು ಲೇಸು.

ಹಿಮ ಕೈಕೊಡುವುದು ಇಲ್ಲಿಗೆ ಹೊಸತಲ್ಲ. 1964ರ ಚಳಿಗಾಲದ ಒಲಿಂಪಿಕ್ಸ್ ಇನ್ಸ್‌ಬ್ರುಕ್‌ನಲ್ಲಿ ನಡೆದಾಗ ಹಿಮ ಸಾಲದೆ, ಆಸ್ಟ್ರಿಯಾದ ಸೈನಿಕರು ಎತ್ತರದ ಬೆಟ್ಟಗಳಿಂದ ಹಿಮವನ್ನೂ ಮಂಜುಗಡ್ಡೆಯ ಇಟ್ಟಿಗೆಗಳನ್ನೂ ಹೊತ್ತು ತಂದು ಸ್ಪರ್ಧೆಯ ಹಾದಿಗಳನ್ನು ಸಿದ್ಧಪಡಿಸಿದ್ದರು. ಭಾರತ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲ ಬಾರಿ ಕಾಲಿಟ್ಟದ್ದೂ ಅದೇ ಕೂಟದಲ್ಲಿ. ಪೋಲಿಷ್ ಮೂಲದ ಜೆರೆಮಿ ಬುಯಾಕೋವ್ಸ್ಕಿ ಒಬ್ಬರೇ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದರು. ಇಂದು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶದ ಪರ ಸ್ಪರ್ಧಿಸುತ್ತಿದ್ದಾರೆ. ಹಿಮ ಬೀಳದ ನಾಡಿನವರಿಗೆ ಈ ಆಟ ಸಲ್ಲದು ಎನ್ನುವವರಿಗೆ ಅವರ ಹೆಸರು ಹೇಳಿದರೆ ಸಾಕು.

ಬೆಟ್ಟದ ಮೇಲಿನ ರೆಸಾರ್ಟ್ ಬಿಟ್ಟು ಊರಿನಲ್ಲಿ ತಂಗುವುದೇಕೆ? ಹೊಸಬರ ತೊಡೆಗಳು ಮಧ್ಯಾಹ್ನದ ಹೊತ್ತಿಗೆ ಸೋತಿರುತ್ತವೆ. ದಣಿದ ಕಾಲಿನಲ್ಲಿ ‘ಇನ್ನೊಂದೇ ಸುತ್ತು’ ಎಂದು ಹೊರಟಾಗಲೇ ಬೀಳುವ ಅಪಾಯ ಹೆಚ್ಚು. ಊರಿನಲ್ಲಿದ್ದರೆ ಊಟದ ಹೊತ್ತಿಗೆ ಇಳಿದು ಬರಬಹುದು. ಸ್ಕೀ ಕಟ್ಟಲೊಲ್ಲದ ಅಪ್ಪ ಅಮ್ಮಂದಿರಿಗೂ ಬೇಸರವಾಗುವುದಿಲ್ಲ. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಕಾಲದ, 2,657 ಚಿನ್ನದ ಲೇಪದ ತಾಮ್ರದ ಹೆಂಚುಗಳ ಮಾಡು ಇಲ್ಲಿದೆ. ಹೋಫ್‌ಕಿರ್ಷೆ ಇಗರ್ಜಿಯಲ್ಲಿ ಅವನ ಸ್ಮಾರಕದ ಸುತ್ತ ನಿಂತ 28 ಕಂಚಿನ ಪ್ರತಿಮೆಗಳಿವೆ. ಝಾಹಾ ಹದೀದ್ ವಿನ್ಯಾಸದ ಬರ್ಗಿಸೆಲ್ ಸ್ಕೀ ಜಿಗಿತದ ಗೋಪುರವೂ ಇದೆ. ನಾರ್ಡ್‌ಕೆಟೆಯನ್ನು ಕೂಡ ಬಿಡಬೇಕಿಲ್ಲ, ನೋಡುವುದಕ್ಕೆಂದೇ ಹತ್ತಿ ಕೇಬಲ್ ಕಾರಿನಲ್ಲೇ ಇಳಿದರಾಯಿತು. ಎರಡು ರಾತ್ರಿಗೆ ಕಡಿಮೆಯಿಲ್ಲದಂತೆ ತಂಗುವವರಿಗೆ ಅನೇಕ ವಸತಿಗೃಹಗಳು ಕೊಡುವ ವೆಲ್‌ಕಮ್ ಕಾರ್ಡ್ ಕೇಳಿ ಪಡೆಯಬೇಕು. ಊರಿನ ಬಸ್ಸು, ಟ್ರಾಮ್‌ಗಳಿಗೆ ಅದೇ ಟಿಕೆಟ್. ಸ್ಕೀಯಿಂಗ್ ಮತ್ತು ನಗರದ ವಸ್ತುಸಂಗ್ರಹಾಲಯಗಳೆರಡಕ್ಕೂ ಸಲ್ಲುವ ಜಂಟಿ ಪಾಸ್ ಕೂಡ ಉಂಟು, ಆದರೆ ಕಲಿಕೆಯ ಮೊದಲ ದಿನಕ್ಕೆ ಅದು ದುಬಾರಿ. ಆ ದಿನಕ್ಕೆ ಪುಟ್ಟ ಲಿಫ್ಟ್‌ಗಳ ಟಿಕೆಟ್ ಸಾಕು.

ಹಣ ಉಳಿಸಬಾರದ ಜಾಗವೊಂದಿದೆ: ಸ್ಕೀ ಶಾಲೆ. ಬಲ್ಲ ಗೆಳೆಯರು ಕಲಿಸುತ್ತಾರೆಂದು ಹೋಗುವುದಕ್ಕಿಂತ ಮೂರು ದಿನ ಬೆಳಗಿನ ಗುಂಪು ತರಗತಿ ಸೇರುವುದು ಎಷ್ಟೋ ಮೇಲು. ಹಂತಹಂತವಾಗಿ ತರಗತಿಯಲ್ಲಿ ಸ್ಕೀಯಿಂಗ್ ಕಲಿಸುವ ಕ್ರಮ ಬೆಳೆದದ್ದೇ ಇದೇ ಟಿರೋಲ್ ಪ್ರಾಂತ್ಯದಲ್ಲಿ. ಸಾಂಕ್ಟ್ ಆಂಟೋನ್‌ನ ಹಾನ್ನೆಸ್ ಶ್ನೈಡರ್ 1920ರ ದಶಕದಲ್ಲಿ ಅರ್ಲ್‌ಬರ್ಗ್ ಪದ್ಧತಿಯನ್ನು ಜಗತ್ತಿಗೆ ಕಲಿಸಿದರು. 1938ರಲ್ಲಿ ನಾಜಿಗಳು ಅವರನ್ನು ಬಂಧಿಸಿದ ಮೇಲೆ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಕಲಿಸಿದರು. ಪಾಠದ ಮೊದಲ ಮೆಟ್ಟಿಲು ಇಂದಿಗೂ ಹೆಚ್ಚುಕಡಿಮೆ ಅದೇ. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ ಒಳಅಂಚಿನ ಮೇಲೆ ಒತ್ತಿದರೆ ಅಂಚು ಹಿಮವನ್ನು ಕಚ್ಚಿ ವೇಗ ತಗ್ಗುತ್ತದೆ. ಒಂದು ಕಾಲಿನ ಮೇಲೆ ಭಾರ ಹೆಚ್ಚಿಸಿದರೆ ಎದುರು ಬದಿಗೆ ತಿರುವು. ಹೆದರಿದವರು ಮೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಹಾಗೆ ಮಾಡಿದೊಡನೆ ಹಿಡಿತ ತಪ್ಪುತ್ತದೆ. ಮೊಣಕಾಲು ಬಾಗಿಸಿ, ಮೊಣಗಂಟಿನ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತುವಂತೆ ನಿಲ್ಲಬೇಕು.

ಸಲಕರಣೆ ಕೊಳ್ಳುವುದು ಬೇಡ, ಎಲ್ಲವೂ ಬಾಡಿಗೆಗೆ ಸಿಗುತ್ತದೆ. ಬೂಟಿಗೆ ಮಾತ್ರ ಸಮಯ ಕೊಡಬೇಕು. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಬೇಕು, ಮೊಣಕಾಲು ಬಾಗಿಸಿದಾಗ ತುಸು ಹಿಂದೆ ಸರಿಯಬೇಕು. ಚಳಿಯೆಂದು ಎರಡು ಕಾಲುಚೀಲ ಹಾಕಿದರೆ ರಕ್ತ ಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಬೀಳುವಾಗ ಬೂಟನ್ನು ಸ್ಕೀಯಿಂದ ಬಿಡಿಸುವ ಬೈಂಡಿಂಗ್ ಅನ್ನು ತೂಕ, ಎತ್ತರ, ವಯಸ್ಸು, ಅನುಭವ ನೋಡಿ ಹೊಂದಿಸುತ್ತಾರೆ. ಅಂಗಡಿಯವರು ಕೇಳಿದಾಗ ತೂಕವನ್ನು ಸರಿಯಾಗಿ ಹೇಳಬೇಕು, ಮೊಣಕಾಲಿನ ಕ್ಷೇಮ ಅದರಲ್ಲಿದೆ. ಒಳಗೆ ಹತ್ತಿಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಹೆಲ್ಮೆಟ್, ಕನ್ನಡಕ, ಸನ್‌ಸ್ಕ್ರೀನ್ ಬೇಕೇಬೇಕು.

ಇಳಿಜಾರಿಗೂ ಸಂಚಾರ ನಿಯಮಗಳಿವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ರೂಪಿಸಿದ ನಿಯಮಗಳಲ್ಲಿ ಮುಖ್ಯವಾದದ್ದು ಇದು: ಕೆಳಗಿರುವವರನ್ನು ಕಾಪಾಡುವ ಹೊಣೆ ಮೇಲಿನಿಂದ ಬರುವವರದು. ನಿಲ್ಲುವುದಾದರೆ ಹಾದಿಯ ಅಂಚಿನಲ್ಲಿ ನಿಲ್ಲಬೇಕು. ಪರ್ವತ ಪ್ರದೇಶದ ತುರ್ತು ಕರೆಗೆ ಆಸ್ಟ್ರಿಯಾದಲ್ಲಿ 140.

ತಿಂಗಳು ಯಾವುದು? ಕ್ರಿಸ್‌ಮಸ್, ಹೊಸ ವರ್ಷ ಮತ್ತು ಫೆಬ್ರವರಿಯ ಶಾಲಾ ರಜೆಯಲ್ಲಿ ಜನಜಂಗುಳಿ, ಬೆಲೆಯೂ ಏರಿರುತ್ತದೆ. ಜನವರಿ 6ರ ಹಬ್ಬ ಕಳೆದ ನಂತರದ ವಾರಗಳು ನಿರಾಳ. ಮಾರ್ಚ್‌ನಲ್ಲಿ ಬಿಸಿಲು ಹಿತವಾಗಿದ್ದು ಹಗಲು ದೀರ್ಘ. ಚಳಿಗೆ ಒಗ್ಗದ ನಮ್ಮವರಿಗೆ ಮಾರ್ಚ್ ಮೊದಲ ಭಾಗವೇ ಒಳ್ಳೆಯದು. 2023ರ ನವೆಂಬರ್‌ನಲ್ಲಿ ಬೆಂಗಳೂರು–ಮ್ಯೂನಿಕ್ ನೇರ ವಿಮಾನ ಶುರುವಾದ ಮೇಲೆ ದಾರಿ ಸುಲಭವಾಗಿದೆ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಸಸ್ಯಾಹಾರಿಗಳಿಗೆ ಬೆಟ್ಟದ ಹೋಟೆಲುಗಳಲ್ಲಿ ಚೀಸ್ ಬೆರೆಸಿದ ಕೇಸೆಶ್ಪೆಟ್ಸ್ಲೆ, ಒಳಗೆ ಪ್ಲಮ್ ಜಾಮ್ ತುಂಬಿದ ಗರ್ಮ್‌ಕ್ನೋಡೆಲ್ ಸಿಗುತ್ತವೆ. ಆದರೆ ಆಲೂಗಡ್ಡೆಯ ಗ್ರೋಸ್ಟ್ಲ್‌ನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳಿಯೇ ತರಿಸಿಕೊಳ್ಳಬೇಕು.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಆದರೆ ಸಾಮಾನ್ಯ ಪಾಲಿಸಿಗಳು ಎಷ್ಟೋ ಬಾರಿ ಹಿಮಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ. ಆಲ್ಪ್ಸ್‌ನಲ್ಲಿ ಗಾಯಾಳುವನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿದರೆ ಬಿಲ್ಲು ಸಾವಿರಾರು ಯೂರೋ ಆಗಬಹುದು. ಆದ್ದರಿಂದ ವಿಮೆಗೆ ಹಣ ಕಟ್ಟುವ ಮುನ್ನ, ಸ್ಕೀಯಿಂಗ್ ಮತ್ತು ಪರ್ವತದಿಂದ ರಕ್ಷಿಸುವ ವೆಚ್ಚ ಎರಡೂ ಪಾಲಿಸಿಯಲ್ಲಿ ಸೇರಿವೆಯೇ ಎಂದು ಓದಿ ಖಚಿತಪಡಿಸಿಕೊಳ್ಳಿ.