ಮಾತೃಕೆಯೂ ಪ್ರಕಟಿತ ಪ್ರತಿಯೂ: ಮುಕ್ತ ತಂತ್ರಾಂಶದ ಆವೃತ್ತಿನಿರ್ಣಯ

ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಮಾತೃಕೆ, ಪಾಠಾಂತರ, ಪರಿಷ್ಕೃತ ಮುದ್ರಣ ಇವುಗಳ ಭೇದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಂಪ್ಯೂಟರಿಗಾಗಿ ರಚಿತವಾಗುವ ಮುಕ್ತ ತಂತ್ರಾಂಶಗಳಲ್ಲಿಯೂ ಇದೇ ಭೇದವುಂಟು. ಇಂತಹ ತಂತ್ರಾಂಶದ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಪಾಠವು ದಿನದಿನಕ್ಕೂ ಬದಲಾಗುತ್ತಿರುವುದರಿಂದ, ಬಳಸುವವರು ನೆಚ್ಚತಕ್ಕ ಪಾಠವಾವುದೆಂಬುದನ್ನು ಆಗಾಗ ನಿರ್ಣಯಿಸಿ, ಸಂಖ್ಯೆಯನ್ನಿತ್ತು ಹೊರಡಿಸುವುದು ಅವಶ್ಯವಾಗುತ್ತದೆ. ಈ ಕಾರ್ಯಕ್ಕೆ ಆವೃತ್ತಿಯ ಬಿಡುಗಡೆಯೆಂದು ಹೆಸರು.

1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್ ಎಂಬ ತಂತ್ರಾಂಶಸಂಗ್ರಹವು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಅಸ್ಥಿರ, ಪರೀಕ್ಷಾಧೀನ, ಸ್ಥಿರ ಎಂದು ಮೂರು ಶಾಖೆಗಳಿವೆ. ಹೊಸ ತಿದ್ದುಪಡಿಯು ಮೊದಲು ಅಸ್ಥಿರಶಾಖೆಯನ್ನು ಸೇರುತ್ತದೆ. ಗೊತ್ತಾದ ಕೆಲವು ದಿನಗಳೊಳಗೆ ಹೊಸದಾಗಿ ಗುರುತರವಾದ ದೋಷವು ಕಾಣದಿದ್ದಲ್ಲಿ ಪರೀಕ್ಷಾಧೀನಶಾಖೆಗೆ ಸಾಗುತ್ತದೆ. ಬಿಡುಗಡೆಯ ಕಾಲವು ಸಮೀಪಿಸಿದಾಗ ಹೊಸ ಸೇರ್ಪಡೆಗಳನ್ನು ಹಂತಹಂತವಾಗಿ ತಡೆದು, ದೋಷಪರಿಹಾರಕ್ಕೆ ಮಾತ್ರ ಎಡೆಗೊಡುತ್ತಾರೆ. ಗುರುತರ ದೋಷಗಳು ನೀಗಿದ ಬಳಿಕವೇ ಅದು ಸ್ಥಿರವೆನಿಸುವುದು. 2023ರ ಜೂನ್‌ನಲ್ಲಿ 12ನೆಯ ಆವೃತ್ತಿಯೂ 2025ರ ಆಗಸ್ಟ್‌ನಲ್ಲಿ 13ನೆಯದೂ ಹೀಗೆಯೇ ಹೊರಟವು.

ಡೆಬಿಯನ್ನಿಗೆ 1.0 ಎಂಬ ಆವೃತ್ತಿಯೇ ಇಲ್ಲವೆಂಬುದು ಗಮನಾರ್ಹವಾಗಿದೆ. 1995ರ ಡಿಸೆಂಬರಿನಲ್ಲಿ ಸಿ.ಡಿ. ಮಾರುವ ಸಂಸ್ಥೆಯೊಂದು ಇನ್ನೂ ಸಿದ್ಧವಾಗದಿದ್ದ ಕರಡುಪಾಠಕ್ಕೆ ಆ ಸಂಖ್ಯೆಯನ್ನಿತ್ತು ಪ್ರಕಟಿಸಿಬಿಟ್ಟಿತು. ಒಂದೇ ಸಂಖ್ಯೆಯು ಎರಡು ಪಾಠಗಳಿಗೆ ಸಲ್ಲುವುದರಿಂದ ಗೊಂದಲವಾಗಬಾರದೆಂದು, 1996ರ ಜೂನ್‌ನಲ್ಲಿ ಹೊರಟ ನಿಜವಾದ ಆವೃತ್ತಿಗೆ 1.1 ಎಂಬ ಸಂಖ್ಯೆಯನ್ನು ಕೊಡಬೇಕಾಯಿತು.

ಇದಕ್ಕಿಂತಲೂ ಭಯಾನಕವಾದ ಪ್ರಸಂಗವು 2024ರಲ್ಲಿ ನಡೆಯಿತು. ಕಡತಗಳನ್ನು ಸಂಕ್ಷೇಪಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ, ದೂರದಿಂದ ಯಂತ್ರವನ್ನು ವಶಪಡಿಸಿಕೊಳ್ಳಲು ಅನುವಾಗುವ ಕಳ್ಳದಾರಿಯು ಅಡಗಿತ್ತು. ಪರೀಕ್ಷೆಗೆಂದು ಇಟ್ಟ ಕಡತಗಳ ಸೋಗಿನಲ್ಲಿ ಅದರ ಸಾಮಗ್ರಿಯು ಬಹಿರಂಗವಾದ ಮೂಲಭಂಡಾರದಲ್ಲಿಯೇ ಇದ್ದಿತು. ಆದರೆ ಅದಕ್ಕೆ ಚಾಲನೆ ಕೊಡುವ ಕೆಲವು ಪಂಕ್ತಿಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಸೇರಿದ್ದುವು. ಅರ್ಥಾತ್, ಮಾತೃಕೆಯನ್ನು ಓದಿದವನಿಗೆ ಪ್ರಕಟಿತ ಪ್ರತಿಯ ಪ್ರಕ್ಷೇಪವು ಕಾಣುವಂತಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಯಂತ್ರಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿದ್ದುದನ್ನು ಕಂಡು ಕಾರಣವನ್ನರಸಿ, ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು. ದುಷ್ಟಪಾಠವು ಡೆಬಿಯನ್ನಿನ ಅಸ್ಥಿರ ಹಾಗೂ ಪರೀಕ್ಷಾಧೀನ ಶಾಖೆಗಳನ್ನು ಹೊಕ್ಕಿತ್ತಾದರೂ ಸ್ಥಿರಶಾಖೆಯನ್ನು ಮುಟ್ಟಿರಲಿಲ್ಲ.

ಬಿಡುಗಡೆಗೆ ಹಾಕುವ ಗೂಢಲಿಪಿಯ ಸಹಿಯು ಪ್ರತಿಯು ಯಾರ ಕೈಯಿಂದ ಹೊರಟಿತೆಂಬುದನ್ನೂ, ದಾರಿಯಲ್ಲಿ ಕೆಡಲಿಲ್ಲವೆಂಬುದನ್ನೂ ಸ್ಥಾಪಿಸಬಲ್ಲದು. ಸಹಿ ಹಾಕಿದವನ ಸದ್ಭಾವಕ್ಕೆ ಅದು ಪ್ರಮಾಣವಾಗದು. ಎಕ್ಸ್‌ಜೆಡ್ಡಿನಲ್ಲಿ ವಂಚನೆಯು ಬಿಡುಗಡೆಯ ಅಧಿಕಾರವುಳ್ಳವನಿಂದಲೇ ಆಗಿದ್ದಿತು. ಆದುದರಿಂದ ಬಿಡುಗಡೆಯ ಕಟ್ಟನ್ನು ಮೂಲಭಂಡಾರದೊಡನೆ ಅಕ್ಷರಶಃ ತಾಳೆನೋಡುವುದೂ, ಒಂದೇ ಮೂಲದಿಂದ ಬೇರೆಬೇರೆಯವರು ಸ್ವತಂತ್ರವಾಗಿ ಯಂತ್ರರೂಪವನ್ನು ನಿರ್ಮಿಸಿ ಫಲವು ಏಕರೂಪವೇ ಎಂದು ಪರೀಕ್ಷಿಸುವುದೂ ಆವಶ್ಯಕವೆನಿಸಿವೆ. ಹಸ್ತಪ್ರತಿಗಳನ್ನು ತಾಳೆನೋಡುವ ವಿದ್ವಾಂಸರಿಗೆ ಈ ಕ್ರಮವು ಅಪರಿಚಿತವಲ್ಲ.