ಜಿರೇನಿಯಂ ಗಿಡದಲ್ಲಿ ಹೊಸ ತಳಿಯನ್ನು ಪಡೆಯುವ ಕ್ರಮ

ಅಲಂಕಾರದ ಹೂಗಿಡದ ವಿಚಾರವು ಕೃಷಿಕರ ಪತ್ರಿಕೆಯಲ್ಲಿ ಏತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ರಾಗಿ, ಭತ್ತ, ಕಬ್ಬು ಇವುಗಳ ಹೊಸ ತಳಿಗಳನ್ನು ಬೆಳೆದಿರುವ ಜಮೀನುದಾರರು ಬಹುಮಂದಿ ಇರುವರು. ಆದರೆ ಅವು ಹುಟ್ಟುವ ಬಗೆಯನ್ನು ಕಣ್ಣಾರೆ ಕಂಡವರು ವಿರಳ. ರಾಗಿಯ ಹೂವು ಅತಿ ಸೂಕ್ಷ್ಮವಾದುದು; ತನ್ನ ಪರಾಗದಿಂದಲೇ ಕಾಳುಕಟ್ಟುವಂಥದು. ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದ ಲಕ್ಷ್ಮಣಯ್ಯನವರ ಶ್ರಮವು ಎಂಥದೆಂಬುದನ್ನು ಆ ಹೂವನ್ನು ಭೂತಗನ್ನಡಿಯಲ್ಲಿ ನೋಡಿದವರೇ ಬಲ್ಲರು. ಜಿರೇನಿಯಂ ಹೀಗಲ್ಲ. ಅದರ ಹೂವಿನ ಅಂಗಗಳು ಬರಿಗಣ್ಣಿಗೆ ಕಾಣುವುವು. ಗಿಡವು ಕುಂಡದಲ್ಲಿ ಬೆಳೆಯುವುದು. ಬಿತ್ತಿದ ನಾಲ್ಕೈದು ತಿಂಗಳಲ್ಲಿ ಫಲಿತಾಂಶವು ತಿಳಿಯುವುದು. ಸಂಕರಣ ವಿದ್ಯೆಯನ್ನು ಮನೆಯ ಜಗಲಿಯಲ್ಲಿಯೇ ಕಲಿಯಬೇಕೆನ್ನುವವರಿಗೆ ಇದು ಬಹಳ ಅನುಕೂಲವಾದ ಗಿಡ.

ಮೊದಲು ಹೆಸರಿನ ಗೊಂದಲವನ್ನು ಕಳೆಯಬೇಕು. ನಾವು ಕುಂಡಗಳಲ್ಲಿಟ್ಟು ಜಿರೇನಿಯಂ ಎಂದು ಕರೆಯುವ, ದುಂಡೆಲೆಯ ಮೇಲೆ ಕಪ್ಪುಬಳೆಯಂಥ ಗುರುತುಳ್ಳ ಗಿಡವು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದಿಂದ ಬಂದ ಮೂಲಗಳ ಸಂತತಿ. ಇದನ್ನು ಫ್ರೆಂಚ್ ಶಾಸ್ತ್ರಜ್ಞನಾದ ಲೆರಿಟಿಯೇ ಎಂಬಾತನು ೧೭೮೯ರಲ್ಲಿ ಪೆಲಾರ್ಗೋನಿಯಂ ಎಂಬ ಬೇರೆ ಕುಲಕ್ಕೆ ಸೇರಿಸಿದನು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿತು. ನಿಜವಾದ ಜಿರೇನಿಯಂ ಬಹುಮಟ್ಟಿಗೆ ತಂಪು ಸೀಮೆಗಳ ಗಿಡ. ಅದರ ಐದು ದಳಗಳೂ ಒಂದೇ ಸಮನಾಗಿದ್ದು ಸಾಮಾನ್ಯವಾಗಿ ಹತ್ತು ಕೇಸರಗಳೂ ಪರಾಗವನ್ನು ಕೊಡುತ್ತವೆ. ಪೆಲಾರ್ಗೋನಿಯಮ್ಮಿನಲ್ಲಿ ಮೇಲಿನ ಎರಡು ದಳಗಳು ಸಾಮಾನ್ಯವಾಗಿ ಬೇರೆ ತೆರನಾಗಿರುತ್ತವೆ. ಹೂವಿನ ತೊಟ್ಟಿಗೆ ಅಂಟಿಕೊಂಡಂತೆ ಮಕರಂದದ ಸಣ್ಣ ನಾಳವೊಂದಿರುತ್ತದೆ. ಈ ಎರಡು ಕುಲಗಳನ್ನು ಕೂಡಿಸಲು ಹೊರಟು ಕಾಲವನ್ನು ಕಳೆಯಬಾರದು.

ಇನ್ನು ಕೆಲಸದ ಕ್ರಮ. ಕುಂಡದ ಜಿರೇನಿಯಂ ಹೂವಿನಲ್ಲಿ ಗಂಡು ಭಾಗವು ಮೊದಲು ಪಕ್ವವಾಗಿ ಪರಾಗವನ್ನು ಚೆಲ್ಲುವುದು. ಹೆಣ್ಣು ಭಾಗವಾದ ಶಲಾಕೆಯ ತುದಿಯು ಕೆಲವು ದಿನಗಳ ತರುವಾಯ ಐದು ಸೀಳಾಗಿ ಬಿಚ್ಚಿ ಹಿಂದಕ್ಕೆ ಬಾಗುವುದು. ಪ್ರಕೃತಿಯೇ ಒದಗಿಸಿರುವ ಈ ಅಂತರವು ನಮಗೆ ಬಹಳ ಉಪಕಾರಿ. ತಾಯಿಯೆಂದು ಆರಿಸಿದ ಗಿಡದಲ್ಲಿ ಅರಳುವುದಕ್ಕೆ ಸಿದ್ಧವಾದ ಮೊಗ್ಗನ್ನು ಬಿಡಿಸಿ, ಪರಾಗಕೋಶಗಳನ್ನು ಸಣ್ಣ ಚಿಮಟದಿಂದ ತೆಗೆದುಹಾಕಿ, ತೆಳುವಾದ ಕಾಗದದ ಚೀಲವನ್ನು ಮುಚ್ಚಬೇಕು. ಶಲಾಕಾಗ್ರವು ಬಿಚ್ಚಿದ ದಿನ, ತಂದೆಯೆಂದು ಆರಿಸಿದ ಗಿಡದ ಪರಾಗವನ್ನು ಮೃದುವಾದ ಕುಂಚದಿಂದ ಅದಕ್ಕೆ ಸವರಿ, ಎರಡು ಗಿಡಗಳ ಹೆಸರನ್ನೂ ತಾರೀಖನ್ನೂ ಬರೆದ ಚೀಟಿಯನ್ನು ತೊಟ್ಟಿಗೆ ಕಟ್ಟಬೇಕು. ಮಳೆಗಾಲ ಕಳೆದ ಮೇಲಿನ ಒಣ ದಿನಗಳ ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ. ಚೀಟಿಯ ವಿಷಯದಲ್ಲಿ ಉದಾಸೀನವು ಕೂಡದು. ತಾಯಿತಂದೆಗಳು ತಿಳಿಯದ ಸಸಿಯು ಎಷ್ಟೇ ಸುಂದರವಾಗಿದ್ದರೂ ಮುಂದಿನ ಸಂಕರಣಕ್ಕೆ ದಾರಿ ತೋರಿಸಲಾರದು.

ಬೀಜ ಕಟ್ಟಿದ ಹೂವು ಕೊಕ್ಕರೆಯ ಕೊಕ್ಕಿನಂತೆ ನೀಳವಾಗುವುದು. ಒಂದು ಹೂವಿಗೆ ಐದಕ್ಕಿಂತ ಹೆಚ್ಚು ಬೀಜಗಳಿಲ್ಲ. ಬಲಿತೊಡನೆ ಅವು ಸುರುಳಿಯಾದ, ನವಿರುಳ್ಳ ಬಾಲಗಳೊಂದಿಗೆ ಸಿಡಿದು ಗಾಳಿಯಲ್ಲಿ ಹಾರಿಹೋಗುವುದರಿಂದ ಅದಕ್ಕೆ ಮುಂಚೆಯೇ ಚೀಲವನ್ನು ಕಟ್ಟಿರಬೇಕು. ಬೀಜದ ಸಿಪ್ಪೆ ಗಟ್ಟಿ. ಒಂದು ತುದಿಯನ್ನು ಸೂಕ್ಷ್ಮವಾಗಿ ಗೀರಿ ಬಿತ್ತಿದರೆ ಮೊಳಕೆಯು ಸಮನಾಗಿ ಬರುವುದು.

ಎಲ್ಲ ಜೋಡಿಗಳೂ ಫಲಿಸುವುದಿಲ್ಲವೆಂಬುದನ್ನು ನೆನಪಿಡಬೇಕು. ಕುಂಡದ ತಳಿಗಳಲ್ಲಿ ಕೆಲವಕ್ಕೆ ಜೀವಕೋಶದಲ್ಲಿ ೧೮ ವರ್ಣತಂತುಗಳು, ಕೆಲವಕ್ಕೆ ೩೬. ಈ ಎರಡು ಬಗೆಗಳನ್ನು ಕೂಡಿಸಿದಾಗ ಬೀಜವು ದೊರೆಯುವುದೇ ಅಪರೂಪ. ದೊರೆತು ಹುಟ್ಟಿದ ೨೭ ವರ್ಣತಂತುಗಳ ಸಸಿಯು ಸಾಮಾನ್ಯವಾಗಿ ಬಂಜೆ. ಬಿಳಿಯ ಅಂಚಿನ ಎಲೆಯ ಗಿಡಗಳ ವಿಚಾರವು ಇನ್ನೂ ಸ್ವಾರಸ್ಯವಾದುದು. ಬಹುತೇಕ ಸಸ್ಯಗಳಲ್ಲಿ ಎಲೆಯ ಹಸುರಿನ ಕಣಗಳು ತಾಯಿಯಿಂದ ಮಾತ್ರ ಬರುತ್ತವೆ. ಇಲ್ಲಿ ತಂದೆಯಿಂದಲೂ ಬರುತ್ತವೆ. ಜರ್ಮನಿಯ ಎರ್ವಿನ್ ಬೌರ್ ಎಂಬ ವಿದ್ವಾಂಸನು ಇದೇ ಗಿಡವನ್ನು ಪರೀಕ್ಷಿಸಿ, ಮೆಂಡೆಲನ ನಿಯಮಕ್ಕೆ ಒಳಪಡದ ಆನುವಂಶಿಕತೆಯನ್ನು ೧೯೦೯ರಲ್ಲಿ ಪ್ರಕಟಿಸಿದನು. ಆದುದರಿಂದ ಬಿಳಿಯಂಚಿನ ಗಿಡವನ್ನು ಯಾವ ಕಡೆಯಿಂದ ಕೂಡಿಸಿದರೂ ಹಸುರು, ಮಚ್ಚೆ, ಅಚ್ಚಬಿಳಿ ಹೀಗೆ ಬಗೆಬಗೆಯ ಸಸಿಗಳು ಹುಟ್ಟಬಹುದು. ಅಚ್ಚಬಿಳಿಯವು ಆಹಾರವನ್ನು ತಯಾರಿಸಲಾರದೆ ಸಾಯುವುವು. ಅದನ್ನು ರೋಗವೆಂದು ತಿಳಿದು ಔಷಧ ಹೊಡೆಯುವುದು ವ್ಯರ್ಥ.

ಸಂಕರಣವು ಒಂದು ಬೆಳಗಿನ ಕೆಲಸ. ಆಯ್ಕೆಯು ವರ್ಷಗಳ ಕೆಲಸ. ಮೊದಲ ಹೂವಿನ ಬಣ್ಣಕ್ಕೆ ಮರುಳಾಗಬಾರದು. ಗಿಡವು ಗಿಡ್ಡವಾಗಿ ಕವಲೊಡೆಯುವುದೇ, ಹೂಗೊಂಚಲು ಮಳೆಗೆ ಕೊಳೆಯುವುದೇ, ಬೇಸಗೆಯಲ್ಲಿ ಎಲೆಯು ಹಳದಿಯಾಗುವುದೇ, ತುಂಡು ನೆಟ್ಟರೆ ಬೇಗ ಬೇರೂರುವುದೇ ಎಂಬುದನ್ನೆಲ್ಲ ಎರಡು ಮೂರು ಋತುಗಳು ನೋಡಬೇಕು. ನೂರು ಸಸಿಗಳಲ್ಲಿ ಒಂದು ಉಳಿದರೂ ತೃಪ್ತಿಪಡಬೇಕೆಂದು ನನ್ನ ಅಭಿಪ್ರಾಯ. ಉಳಿದವುಗಳನ್ನು ಮಮತೆಯಿಲ್ಲದೆ ಕಿತ್ತುಹಾಕತಕ್ಕದ್ದು. ಆರಿಸಿದ ಆ ಒಂದು ಗಿಡವನ್ನು ಬೀಜದಿಂದ ಹೆಚ್ಚಿಸಿದರೆ ಗುಣಗಳು ಚದುರಿಹೋಗುವುವು, ತುಂಡುಗಳಿಂದಲೇ ಹೆಚ್ಚಿಸಬೇಕು. ಬೀಜದಿಂದಲೇ ಏಕರೂಪವಾಗಿ ಬರುವ ತಳಿಗಳನ್ನು ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಕ್ರೇಗ್ ಮುಂತಾದವರು ೧೯೬೦ರ ದಶಕದಲ್ಲಿ ಸಿದ್ಧಪಡಿಸಿದರು. ಅದು ಶುದ್ಧ ಸಾಲುಗಳನ್ನು ಅನೇಕ ಪೀಳಿಗೆ ಕಾಪಾಡಿ ಮಾಡುವ ಕೆಲಸ, ಮನೆಯಂಗಳದ್ದಲ್ಲ.

ಮನೆಯಂಗಳಕ್ಕೆ ಸಲ್ಲುವ ದೃಷ್ಟಾಂತವು ನಿಜವಾದ ಜಿರೇನಿಯಂ ಕುಲದಿಂದ ದೊರೆಯುತ್ತದೆ. ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದಲ್ಲಿ ವಾಟರರ್ ದಂಪತಿಗಳು ತಮ್ಮ ತೋಟದಲ್ಲಿ ತಾನಾಗಿ ಹುಟ್ಟಿದ ಒಂದು ಸಸಿಯು ನೆರೆಯ ಗಿಡಗಳಿಗಿಂತ ಭಿನ್ನವಾಗಿ, ಬಿಡದೆ ನೀಲಿ ಹೂ ಕೊಡುತ್ತಿದ್ದುದನ್ನು ಗಮನಿಸಿದರು. ಅದರ ಮೂಲಗಳೆರಡೂ ಹಿಮಾಲಯದ ಜಾತಿಗಳು. ಒಂದಕ್ಕೆ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ವಾಲಿಚ್ ಎಂಬಾತನ ಹೆಸರಿದೆ. ಆ ಸಸಿಯು ಬೀಜ ಕೊಡದ ಬಂಜೆ. ಆದರೂ ರೋಜಾನ್ ಎಂಬ ಹೆಸರಿನಿಂದ ೨೦೦೦ದಲ್ಲಿ ಮಾರಾಟಕ್ಕೆ ಬಂದು, ೨೦೧೩ರಲ್ಲಿ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಶತಮಾನದ ಗಿಡವೆಂಬ ಮನ್ನಣೆಯನ್ನು ಪಡೆಯಿತು. ಅಲ್ಲಿ ಸಂಕರಣ ಮಾಡಿದ್ದು ಪ್ರಕೃತಿ; ದಂಪತಿಗಳು ಮಾಡಿದ್ದು ಕಳೆಯೆಂದು ಕೀಳದೆ ಅದನ್ನು ಗುರುತಿಸಿದ್ದು.

ತುಂಡುಗಳಿಂದ ಹೆಚ್ಚಿಸುವಲ್ಲಿ ಒಂದು ದೊಡ್ಡ ಅಪಾಯವಿದೆ. ಟೊಮೇಟೊ, ಆಲೂಗಡ್ಡೆ ಬೆಳೆಯುವ ಕೋಲಾರ, ಚಿಕ್ಕಬಳ್ಳಾಪುರ, ಹಾಸನ ಜಿಲ್ಲೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಬೆಳೆಗಳನ್ನು ಸೊರಗಿಸುವ ರಾಲ್ಸ್ಟೋನಿಯ ಎಂಬ ದುಂಡಾಣುವು ಜಿರೇನಿಯಂ ಗಿಡದಲ್ಲಿಯೂ ವಾಸಿಸಬಲ್ಲದು, ತಂಪು ಹವೆಯಲ್ಲಿ ಯಾವ ಚಿಹ್ನೆಯನ್ನೂ ತೋರದೆ ಅಡಗಿರಬಲ್ಲದು. ೨೦೦೩ರಲ್ಲಿ ಕೀನ್ಯದಿಂದಲೂ ೨೦೨೦ರಲ್ಲಿ ಗ್ವಾಟೆಮಾಲದಿಂದಲೂ ಹೋದ ತುಂಡುಗಳ ಮೂಲಕ ಈ ರೋಗವು ಅಮೆರಿಕದ ಸಸ್ಯಗೃಹಗಳಿಗೆ ತಲುಪಿ, ಅಲ್ಲಿಯ ಸರ್ಕಾರವು ಗಿಡಗಳನ್ನು ನಾಶಮಾಡಿಸಬೇಕಾಯಿತು. ಆದಕಾರಣ ಹೊರಗಿನಿಂದ ತಂದ ತುಂಡನ್ನು ಕೆಲವು ತಿಂಗಳು ಪ್ರತ್ಯೇಕವಾಗಿಡಬೇಕು; ಒಂದೊಂದು ಗಿಡಕ್ಕೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಅದ್ದಬೇಕು; ಟೊಮೇಟೊ ಬೆಳೆದ ಮಣ್ಣನ್ನು ಕುಂಡಕ್ಕೆ ತುಂಬಬಾರದು; ಕುಂಡದಿಂದ ಸೋರಿದ ನೀರು ಬೆಳೆಯ ಪಾತಿಗೆ ಹರಿಯದಂತೆ ನೋಡಿಕೊಳ್ಳಬೇಕು. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದಾಗ ಹಾಲಿನಂಥ ಎಳೆ ಇಳಿದರೆ ಸಂದೇಹವು ಬಲವಾದಂತೆ; ಗಿಡವನ್ನು ಸುಟ್ಟು, ಸಮೀಪದ ಇಲಾಖೆಯ ಅಧಿಕಾರಿಗೆ ತಿಳಿಸಬೇಕು.

ಇಷ್ಟಾಗಿ ನಿಜವಾಗಿಯೂ ಹೊಸದಾದ ತಳಿಯು ಕೈಗೆ ಬಂದರೆ, ಕುತೂಹಲದಿಂದ ಕೇಳಿದವರಿಗೆಲ್ಲ ತುಂಡುಗಳನ್ನು ಹಂಚುವುದಕ್ಕೆ ಮೊದಲು ಸ್ವಲ್ಪ ತಾಳಬೇಕು. ೨೦೦೧ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ಹೊಸ ತಳಿಯು ಇತರ ತಳಿಗಳಿಗಿಂತ ಭಿನ್ನವೂ ಏಕರೂಪವೂ ಸ್ಥಿರವೂ ಆಗಿರಬೇಕು. ಅರ್ಜಿಗೆ ಒಂದು ವರ್ಷಕ್ಕಿಂತ ಹಿಂದೆಯೇ ಭಾರತದಲ್ಲಿ ಮಾರಾಟವಾಗಿದ್ದರೆ ಅದನ್ನು ಹೊಸದೆಂದು ಪರಿಗಣಿಸುವುದಿಲ್ಲ. ಕೇಂದ್ರ ಸರ್ಕಾರವು ಅಧಿಸೂಚಿಸಿದ ಸಸ್ಯಗಳಿಗೆ ಮಾತ್ರ ಈ ನೋಂದಣಿಯು ಅನ್ವಯಿಸುವುದರಿಂದ, ಆ ಪಟ್ಟಿಯನ್ನು ಮೊದಲೇ ವಿಚಾರಿಸಿಕೊಂಡು, ಸಂಕರಣದ ಚೀಟಿಗಳನ್ನೂ ದಿನಚರಿಯನ್ನೂ ಜೋಪಾನವಾಗಿಟ್ಟಿರತಕ್ಕದ್ದು.